ಅಣುಗಳ ಸಡಿಲ ನಂಟು

ನಮ್ಮೂರು ತಂಬ್ರಹಳ್ಳಿ. ಬೇಸಗೆಯ ನಡುಹಗಲಿನಲ್ಲಿ ಅಲ್ಲಿ ಮನೆಗೆ ಬಂದವರಿಗೆ ಮೊದಲು ಕೊಡುವುದು ಹರವಿಯ ತಣ್ಣೀರು. ಆ ನೀರು ನೀರಾಗಿ ನಿಂತಿರುವುದೇ ಒಂದು ಸೋಜಿಗವೆಂಬುದು ಕುಡಿಯುವಾಗ ಯಾರಿಗೂ ಹೊಳೆಯುವುದಿಲ್ಲ. ನೀರಿನ ಅಣುವಿನಲ್ಲಿ ಆಮ್ಲಜನಕವಿರುವ ಕಡೆ ಗಂಧಕವನ್ನಿರಿಸಿದರೆ ಅದು ಹೈಡ್ರೋಜನ್ ಸಲ್ಫೈಡ್, ಕೊಳೆತ ಮೊಟ್ಟೆಯ ನಾತದ ಅನಿಲ. ಅದರ ಅಣು ನೀರಿನ ಅಣುವಿನ ಸುಮಾರು ಎರಡರಷ್ಟು ಭಾರ. ಆದರೂ ನೀರು ಕುದಿಯಲು 100 ಡಿಗ್ರಿ ಸೆಲ್ಸಿಯಸ್ ಬೇಕು. ಇದು ಸೊನ್ನೆಗಿಂತ 60 ಡಿಗ್ರಿ ಕೆಳಗೇ ಕುದಿದು ಆವಿಯಾಗುತ್ತದೆ.

ಇದಕ್ಕೆ ಕಾರಣ ಜಲಜನಕ ಬಂಧ. ಒಂದು ನೀರಿನ ಅಣುವಿನ ಜಲಜನಕವು ನೆರೆಯ ಅಣುವಿನ ಆಮ್ಲಜನಕದತ್ತ ಕೈಚಾಚುತ್ತದೆ. ಅಣುವಿನೊಳಗಿನ ಬಂಧಕ್ಕೆ ಹೋಲಿಸಿದರೆ ಇದರ ಬಲ ಇಪ್ಪತ್ತರಲ್ಲೊಂದು ಪಾಲು ಮಾತ್ರ. ಗಂಧಕದ ಅಣುಗಳಿಗೆ ಈ ನಂಟೇ ಇಲ್ಲವೆಂದು ಪಠ್ಯಪುಸ್ತಕಗಳು ಹೇಳುತ್ತಿದ್ದವು. ರಸಾಯನಶಾಸ್ತ್ರದ ಮೇಷ್ಟರಾಗಿ ನಾನೂ ಹೇಳಿದೆ. 'ಇದೆ, ಆದರೆ ಬಹಳ ದುರ್ಬಲ' ಎಂದು ಬರೆದ ಹುಡುಗನೊಬ್ಬನ ಉತ್ತರಕ್ಕೆ ಕೆಂಪು ಗೀಟೆಳೆದದ್ದು ಇಂದಿಗೂ ನೆನಪಿದೆ.

ಇಷ್ಟು ದುರ್ಬಲವಾದ ನಂಟನ್ನು ಕಾಣುವುದಾದರೂ ಹೇಗೆ? ಕೋಣೆಯ ಸಾಮಾನ್ಯ ಬಿಸಿಯೇ ಅದನ್ನು ಬಿಡಿಸಿಬಿಡುತ್ತದೆ. 1980ರ ಆಸುಪಾಸಿನಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಬಾಲೆ ಮತ್ತು ಫ್ಲೈಗೇರ್ ಎಂಬ ವಿಜ್ಞಾನಿಗಳು ಇದಕ್ಕೊಂದು ಉಪಾಯ ಕಂಡರು. ಆರ್ಗಾನಿನಂಥ ಅನಿಲದಲ್ಲಿ ಬೇಕಾದ ಅಣುಗಳನ್ನು ಕೊಂಚ ಬೆರೆಸಿ, ಸಣ್ಣ ರಂಧ್ರದಿಂದ ನಿರ್ವಾತದೊಳಕ್ಕೆ ಚಿಮ್ಮಿಸಬೇಕು. ಹಠಾತ್ತನೆ ಹಿಗ್ಗಿದ ಅನಿಲ ನಿರಪೇಕ್ಷ ಶೂನ್ಯದ ಸಮೀಪಕ್ಕೆ ತಣಿಯುತ್ತದೆ; ಅಣುಗಳು ಜೋಡಿಜೋಡಿಯಾಗಿ ಅಂಟಿಕೊಳ್ಳುತ್ತವೆ. ಎದುರುಬದುರಾಗಿ ನಿಲ್ಲಿಸಿದ ಎರಡು ಲೋಹದ ಕನ್ನಡಿಗಳ ನಡುವೆ ಸೂಕ್ಷ್ಮತರಂಗವನ್ನು ಕ್ಷಣಕಾಲ ಹಾಯಿಸಿದರೆ, ತಿರುಗುತ್ತಿರುವ ಆ ಜೋಡಿಗಳು ತಮ್ಮದೇ ಕಂಪನಾಂಕದಲ್ಲಿ ಕ್ಷೀಣವಾಗಿ ಮರುದನಿ ಕೊಡುತ್ತವೆ. ಈಗ ನೀವು ರೇಡಿಯೋದ ಗುಂಡಿ ತಿರುಗಿಸಿ ನಿಲಯವನ್ನು ಹಿಡಿದಂತೆಯೇ ವಿಜ್ಞಾನಿ ಆ ದನಿಯನ್ನು ಹಿಡಿಯುತ್ತಾನೆ. ಜೋಡಿಯ ನಡುವಣ ಅಂತರ ಹೆಚ್ಚಿದಷ್ಟೂ ತಿರುಗುವುದು ನಿಧಾನ. ಆದ್ದರಿಂದ ಕಂಪನಾಂಕದಿಂದ ಅಂತರವನ್ನು ಲೆಕ್ಕಹಾಕಬಹುದು. ಜಲಜನಕದ ಬದಲು ಭಾರಜಲಜನಕವನ್ನಿಟ್ಟು ಮತ್ತೆ ಅಳೆದರೆ ಯಾವ ಪರಮಾಣು ಎಲ್ಲಿದೆಯೆಂಬುದೂ ತಿಳಿಯುತ್ತದೆ.

ಇಂಥ ಉಪಕರಣವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇ. ಅರುಣನ್ ಮತ್ತು ಅವರ ವಿದ್ಯಾರ್ಥಿಗಳು ಕಟ್ಟಿ, ಅದರ ವಿವರವನ್ನು 2002ರಲ್ಲಿ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಜಲಜನಕ ಬಂಧಕ್ಕೆ ಹೊಸ ವ್ಯಾಖ್ಯೆಯನ್ನು ರೂಪಿಸಿದ ಅಂತರರಾಷ್ಟ್ರೀಯ ಸಮಿತಿಯ ನೇತೃತ್ವವೂ ಅವರದಾಗಿತ್ತು. ಆ ವ್ಯಾಖ್ಯೆ 2011ರಲ್ಲಿ ಹೊರಬಂತು. 2018ರಲ್ಲಿ ಅವರೂ ವಿದೇಶದ ಸಹೋದ್ಯೋಗಿಗಳೂ ಸೇರಿ ಹೈಡ್ರೋಜನ್ ಸಲ್ಫೈಡಿನ ಎರಡು ಅಣುಗಳ ಜೋಡಿಯಿಂದ ಬಂದ ದನಿಯನ್ನು ಬಿಡಿಸಿ ಓದಿದರು. ಒಂದರ ಜಲಜನಕ ಇನ್ನೊಂದರ ಗಂಧಕದತ್ತ, ನೀರಿನಲ್ಲಿರುವಂತೆಯೇ, ಮುಖಮಾಡಿತ್ತು.

ಹಾಗಾದರೆ ಹಳೆಯ ಪುಸ್ತಕ ಪೂರ್ತಿ ತಪ್ಪೇ? ಅಲ್ಲ. ಮಂಜುಗಡ್ಡೆಯಲ್ಲಿ ಪ್ರತಿ ಅಣುವಿಗೆ ದಿಕ್ಕು ನಿಶ್ಚಿತವಾದ ನಾಲ್ಕು ನೆರೆಯವರು. ಘನೀಭವಿಸಿದ ಹೈಡ್ರೋಜನ್ ಸಲ್ಫೈಡಿನಲ್ಲಿ ಹನ್ನೆರಡು ಮಂದಿಯ ಗುಂಪು. ಬಿಸಿ ಏರಿದಂತೆ ಅಣುಗಳು ಗಿರಗಿರನೆ ಹೊರಳಿ ದಿಕ್ಕಿನ ನಂಟು ಅಳಿಸಿಹೋಗುತ್ತದೆ. ಆದರೆ ನಂಟು ನಿಲ್ಲಲಾರದೆಂಬುದು ಬೇರೆ, ಇಲ್ಲವೇ ಇಲ್ಲವೆಂಬುದು ಬೇರೆ. ಈ ಭೇದವನ್ನು ನಾನು ತಿಳಿಯದೇ ಹೋದೆ. ಆ ಹುಡುಗ ತಿಳಿದಿದ್ದ. ಅವನು ಇಂದು ಎಲ್ಲಿದ್ದಾನೋ ನಾನರಿಯೆ. ಈ ಮಾತು ಅವನ ಕಿವಿಗೆ ಬಿದ್ದರೆ, ಅಂದು ನಾನು ಕಳೆದ ಎರಡು ಅಂಕಗಳನ್ನು ಇಂದು ಮರಳಿಸಿದ್ದೇನೆಂದು ತಿಳಿಯಲಿ.