ಮೆದುಳಿನ ರಕ್ತನಾಳಗಳ ಗೋಜಲು

ಅಪಧಮನಿಗಳ ಮೂಲಕ ಮೆದುಳನ್ನು ಸೇರಿದ ರಕ್ತವು ಕೂದಲೆಳೆಗಿಂತಲೂ ಸೂಕ್ಷ್ಮವಾದ ಲೋಮನಾಳಗಳಲ್ಲಿ ತನ್ನ ಒತ್ತಡವನ್ನು ಕಳೆದುಕೊಂಡು ಅಭಿಧಮನಿಗಳಿಗೆ ಹರಿಯುವುದು ಪ್ರಕೃತಿನಿಯಮ. ಕೆಲವರ ಮೆದುಳಿನ ಒಂದು ಭಾಗದಲ್ಲಿ ಈ ಲೋಮನಾಳಗಳಿರುವುದಿಲ್ಲ. ಅಪಧಮನಿಯು ನೇರವಾಗಿ ಅಭಿಧಮನಿಯನ್ನು ಕೂಡಿ, ನಾಳಗಳ ಗೋಜಲೊಂದು ಉಂಟಾಗಿರುತ್ತದೆ.

ಈ ಗೋಜಲಿಗೂ ಅನ್ಯೂರಿಸಂ ಎಂಬ ಉಬ್ಬಿಗೂ ನಂಟುಂಟು. ತಡೆಯಿಲ್ಲದ ಪ್ರವಾಹವು ಗೋಜಲಿಗೆ ರಕ್ತವೊದಗಿಸುವ ಅಪಧಮನಿಯ ಗೋಡೆಯನ್ನು ಹಗಲಿರುಳು ಒತ್ತುವುದರಿಂದ ಅದು ದುರ್ಬಲಗೊಂಡು ಉಬ್ಬುತ್ತದೆ. ಗೋಜಲುಳ್ಳ ನೂರು ಜನರಲ್ಲಿ ಸುಮಾರು 10ರಿಂದ 20 ಮಂದಿಗೆ ಇಂತಹ ಉಬ್ಬೂ ಇರುತ್ತದೆ. ಗೋಜಲಿನಿಂದ ರಕ್ತಸ್ರಾವವಾಗುವ ಸಂಭವ ವರ್ಷಕ್ಕೆ ಸುಮಾರು ಶೇಕಡಾ 2ರಿಂದ 4. ಉಬ್ಬು ಜೊತೆಗೂಡಿದರೆ ಅಪಾಯ ಅಧಿಕ. ಆದುದರಿಂದಲೇ ವೈದ್ಯರು ಗೋಜಲನ್ನು ಕಂಡಾಗ ಉಬ್ಬನ್ನೂ ಅರಸುತ್ತಾರೆ. ಪೋರ್ಚುಗಲ್ಲಿನ ಎಗಾಸ್ ಮೋನಿಸ್ 1927ರಲ್ಲಿ ರೂಪಿಸಿದ ಆಂಜಿಯೋಗ್ರಫಿಯೇ ಇಂದಿಗೂ ಇದಕ್ಕೆ ಮುಖ್ಯ ಸಾಧನ.

ಶಸ್ತ್ರಚಿಕಿತ್ಸೆಯಿಂದ ಗೋಜಲನ್ನು ತೆಗೆಯಬಹುದು. ಸಣ್ಣ ಕೊಳವೆಯ ಮೂಲಕ ಅಂಟುದ್ರವ್ಯವನ್ನು ಹಾಯಿಸಿ ಮುಚ್ಚಬಹುದು. ವಿಕಿರಣದಿಂದ ಎರಡು ಮೂರು ವರ್ಷಗಳಲ್ಲಿ ಕ್ರಮೇಣ ಕುಗ್ಗಿಸಬಹುದು. ಕೆಲವೊಮ್ಮೆ ಕಾದುನೋಡುವುದೇ ಲೇಸು. ನಿರ್ಧಾರ ತಜ್ಞರದು.

ಕೇರಳದ ಕನ್ನಡಿಗರಿಗೆ ಈ ತಜ್ಞತೆ ದೂರವಲ್ಲ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಗೆ ತಿರುವಾಂಕೂರು ರಾಜಮನೆತನವು 1973ರಲ್ಲಿ ಕಟ್ಟಡವನ್ನು ದಾನವಿತ್ತಿತು. 1976ರಲ್ಲಿ ರೋಗಿಗಳ ಸೇವೆ ಆರಂಭವಾಯಿತು. 1980ರಲ್ಲಿ ಸಂಸತ್ತು ಅದನ್ನು ರಾಷ್ಟ್ರೀಯ ಮಹತ್ವದ ಸಂಸ್ಥೆಯೆಂದು ಸಾರಿತು. ಕೊಚ್ಚಿಯಲ್ಲಿ 1998ರಿಂದ ಅಮೃತಾ ಆಸ್ಪತ್ರೆಯಿದೆ.

ಹಿಂದೆಂದೂ ಕಾಣದಂತಹ ತೀವ್ರ ತಲೆನೋವು ಹಠಾತ್ತನೆ ಬಂದರೆ, ಮೊದಲ ಬಾರಿ ಫಿಟ್ಸ್ ಬಂದರೆ, ಒಂದು ಕೈಕಾಲು ಸ್ವಾಧೀನ ತಪ್ಪಿದರೆ, ಮನೆಮದ್ದಿನಲ್ಲಿ ಕಾಲಹರಣ ಸಲ್ಲದು. ಸಮೀಪದ ದೊಡ್ಡ ಆಸ್ಪತ್ರೆಗೆ ಒಡನೆಯೇ ಧಾವಿಸಬೇಕು. ಆ ಕೆಲವು ಗಂಟೆಗಳೇ ಜೀವವನ್ನು ಉಳಿಸಬಲ್ಲವು.