ಮುಟ್ಟಿದ್ದರಿಂದ ಬಂದ ಇಸುಬು

ಕೈಯಲ್ಲಿ ಇಸುಬು ಎದ್ದರೆ ನಮ್ಮ ಕಡೆ ಮೊದಲು ಬಿಡಿಸುವುದು ಬದನೆಕಾಯಿ. ನಂಜು ಅಂತ. ಆಮೇಲೆ ಮೀನು, ಮೊಟ್ಟೆ, ಕಡಲೆಕಾಯಿ. ಚರ್ಮವೈದ್ಯೆಯಾದ ನನಗೆ ಇದನ್ನು ಕಂಡಾಗೆಲ್ಲ ಸಂಕಟವಾಗುತ್ತದೆ. ಪಥ್ಯದಿಂದ ಸೊರಗಿ ಬಂದವರ ಕಡಿತಕ್ಕೆ ಕಾರಣ ಎಷ್ಟೋ ಸಲ ಗಿಲೀಟು ಒಡವೆಯ ನಿಕ್ಕಲ್ಲೋ, ಕೂದಲಿಗೆ ಹಚ್ಚುವ ಡೈಯ ಪಿಪಿಡಿಯೋ ಆಗಿರುತ್ತದೆ. ಗಾಯ ಮಾಯಲೆಂದು ಸವರಿದ ಮುಲಾಮಿನ ನಿಯೋಮೈಸಿನ್ನೇ ಕೆಲವರಿಗೆ ಕಾಟ ಕೊಡುತ್ತದೆ.

ಇದನ್ನು ಪತ್ತೆ ಮಾಡುವುದು ಪ್ಯಾಚ್ ಟೆಸ್ಟ್. 1895ರಲ್ಲಿ ಯೋಸೆಫ್ ಯಾಡಾಸೊನ್ ಎಂಬ ಚರ್ಮವೈದ್ಯ ತೋರಿಸಿಕೊಟ್ಟ ವಿಧಾನ. ಸೂಜಿ ಚುಚ್ಚುವುದಿಲ್ಲ. ಶಂಕಿತ ಪದಾರ್ಥಗಳನ್ನು ವ್ಯಾಸಲೀನಿನಲ್ಲೋ ನೀರಿನಲ್ಲೋ ಗೊತ್ತಾದ ಪ್ರಮಾಣಕ್ಕೆ ಬೆರೆಸಿ, ಪುಟ್ಟ ಅಲ್ಯೂಮಿನಿಯಂ ಬಟ್ಟಲುಗಳಲ್ಲಿಟ್ಟು ಬೆನ್ನಿನ ಮೇಲ್ಭಾಗಕ್ಕೆ ಅಂಟಿಸುತ್ತೇವೆ. 48 ಗಂಟೆ ಬೆನ್ನು ನೆನೆಯಬಾರದು, ಬೆವರಬಾರದು. ಪಟ್ಟಿ ಬಿಚ್ಚಿ ಒಮ್ಮೆ ನೋಡಿ, 96 ಗಂಟೆಗೆ ಮತ್ತೆ ನೋಡುತ್ತೇವೆ. ಎರಡನೆಯ ಸಲ ಬರಲು ಜನ ಬೇಸರಪಡುತ್ತಾರೆ, ಕೂಲಿ ತಪ್ಪುತ್ತದೆ. ಆದರೆ ಈ ಅಲರ್ಜಿ ನಿಧಾನದ್ದು. ಹಿಂದೆ ಸೋಕಿದ ಪದಾರ್ಥವನ್ನು ಗುರುತಿಟ್ಟುಕೊಂಡ ಟಿ ಕಣಗಳು ಆ ಜಾಗಕ್ಕೆ ಬಂದು ಸೇರಲು ದಿನಗಳೇ ಬೇಕು. ಸೀನು, ಉಬ್ಬಸಕ್ಕೆ ತೋಳಿನಲ್ಲಿ ಚುಚ್ಚಿ ಕಾಲು ಗಂಟೆಯಲ್ಲಿ ನೋಡುವ ಪರೀಕ್ಷೆಯೇ ಬೇರೆ. ಸ್ಟಿರಾಯ್ಡ್ ಮಾತ್ರೆ ನುಂಗುತ್ತಿದ್ದರೆ ಮೊದಲೇ ಹೇಳಿಬಿಡಿ, ಅದು ಫಲಿತಾಂಶವನ್ನು ಮುಚ್ಚಿಹಾಕಬಲ್ಲದು.

ಕಲೆ ಎದ್ದಿತೆಂದರೆ ಉತ್ತರ ಸಿಕ್ಕಿತು ಎಂದಲ್ಲ. ನಿಕ್ಕಲ್ ಜಾಗ ಕೆಂಪಾದರೂ ಮುಖದ ಇಸುಬಿಗೆ ಅದೇ ಕಾರಣವಾಗಿರಬೇಕಿಲ್ಲ. ಹೊಲದಲ್ಲಿ ದುಡಿಯುವವರ ಮುಖ, ಕುತ್ತಿಗೆ, ಕಣ್ರೆಪ್ಪೆ ದಪ್ಪಗಾಗಿ ಕಡಿಯುತ್ತಿದ್ದರೆ ನಾನು ಮೊದಲು ಅನುಮಾನಿಸುವುದು ಕಾಂಗ್ರೆಸ್ ಗಿಡವನ್ನು, ಅಂದರೆ ಪಾರ್ಥೇನಿಯಂ. ಅದನ್ನು ಕೈಯಲ್ಲಿ ಕೀಳಬೇಕೆಂದಿಲ್ಲ, ಒಣಗಿದ ಪುಡಿ ಗಾಳಿಯಲ್ಲಿ ಬಂದು ಕೂತರೂ ಸಾಕು.

ಗಾರೆ ಕೆಲಸದ ಹಿರಿಯರೊಬ್ಬರ ಬೆನ್ನಿನಲ್ಲಿ ಪೊಟ್ಯಾಸಿಯಂ ಡೈಕ್ರೊಮೇಟ್ ಇಟ್ಟ ಜಾಗ ಗುಳ್ಳೆಯೆದ್ದಿತ್ತು. ಸಿಮೆಂಟಿನ ಕ್ರೋಮಿಯಂ.

"ಮೂವತ್ತು ವರ್ಷದಿಂದ ಕಲಸ್ತಿದೀನಲ್ಲ ಮೇಡಂ, ಈಗ್ಯಾಕೆ?" ಅಂದರು.

ಅಲರ್ಜಿ ಹುಟ್ಟುವುದೇ ಹೀಗೆ, ವರ್ಷಗಟ್ಟಲೆ ಒಡನಾಡಿದ್ದಕ್ಕೇ ಒಂದು ದಿನ ಮೈ ತಿರುಗಿಬೀಳಬಹುದು. ಸಿಮೆಂಟಿಗೆ ಫೆರಸ್ ಸಲ್ಫೇಟ್ ಬೆರೆಸಿದರೆ ಕರಗುವ ಕ್ರೋಮಿಯಂ ತಗ್ಗುತ್ತದೆ. ಯೂರೋಪಿನ ಒಕ್ಕೂಟ 2005ರಿಂದ ಅದಕ್ಕೆ ಹತ್ತು ಲಕ್ಷಕ್ಕೆ 2 ಭಾಗದ ಮಿತಿ ಹಾಕಿದೆ. ದುಡಿಯುವ ಕೈಗಳಿಗೆ ಇಂಥ ರಕ್ಷಣೆ ಎಲ್ಲೆಡೆಯೂ ಸಿಗಬೇಕೆಂಬುದು ನನ್ನ ಗಟ್ಟಿ ನಿಲುವು.

ಅವರಿಗೆ ಕೆಲಸ ಬಿಡಿ ಎನ್ನುವುದು ಸುಲಭವಲ್ಲ. ಒಳಗೆ ಹತ್ತಿಯದು, ಮೇಲೆ ಪಿವಿಸಿ ಕೈಗವಸು ಹಾಕಿ, ಕೈಗೆ ಹತ್ತಿದ ಗಾರೆ ಒಣಗುವ ಮೊದಲೇ ತೊಳೆಯಿರಿ ಅಂದೆ. ಚರ್ಮದ ಕೈಗವಸು ಬೇಡ, ಅದನ್ನು ಹದಮಾಡುವುದೂ ಸಾಮಾನ್ಯವಾಗಿ ಕ್ರೋಮಿಯಂ ಉಪ್ಪಿನಲ್ಲೇ. ಆಗ ಅವರು ಪಾದದ ಮೇಲಿನ ಒಡಕನ್ನೂ ತೋರಿಸಿದರು, ಸರಿಯಾಗಿ ಚಪ್ಪಲಿಯ ಪಟ್ಟಿ ಕೂರುವ ಜಾಗದಲ್ಲಿ. ಅದೂ ಚರ್ಮದ್ದೇ. ಅವತ್ತೇ ಬದಲಿಸಲು ಹೇಳಿದೆ, ಬದನೆಕಾಯಿ ತಿನ್ನಲೂ ಹೇಳಿದೆ.