ದೋಹಾದ ಸೋಲು, ಕೊಡಗಿನ ಹಬ್ಬ

ಫುಟ್‌ಬಾಲ್‌ಗೆ ಹೆಸರಾದ ದೋಹಾದಲ್ಲಿ ಹಾಕಿ ಎಂದರೆ ನಮಗೆ ನೆನಪಾಗುವುದು ಅಲ್ ರಯ್ಯಾನ್ ಮೈದಾನ. 2006ರ ಏಷ್ಯನ್ ಗೇಮ್ಸ್‌ನಲ್ಲಿ ಭಾರತ ಐದನೇ ಸ್ಥಾನಕ್ಕೆ ಕುಸಿದು, ಮೊದಲ ಬಾರಿಗೆ ಹಾಕಿ ಪದಕವಿಲ್ಲದೆ ಮರಳಿದ್ದು ಇಲ್ಲಿಂದಲೇ. 2012ರಲ್ಲಿ ದೋಹಾದಲ್ಲೇ ನಡೆದ ಏಷ್ಯನ್ ಚಾಂಪಿಯನ್ಸ್ ಟ್ರೋಫಿ ಫೈನಲ್‌ನಲ್ಲೂ ಪಾಕಿಸ್ತಾನಕ್ಕೆ 4–5ರಿಂದ ಸೋತೆವು. ನಾಲ್ಕು ಗೋಲು ಹೊಡೆದೂ ಸೋತರೆ ಅದು ರಕ್ಷಣಾ ವಿಭಾಗದ ಲೋಪವೆಂದೇ ನಮ್ಮ ವಾದ.

2014ರ ಇಂಚೆನ್ ಚಿನ್ನ ಆ ಗಾಯಕ್ಕೆ ಮದ್ದಾಯಿತು. ಕೊಡಗಿನ ವಿ.ಆರ್. ರಘುನಾಥ್ ಅವರ ಡ್ರ್ಯಾಗ್ ಫ್ಲಿಕ್, ಎಸ್.ವಿ. ಸುನಿಲ್ ಅವರ ವೇಗ ಆ ತಂಡದ ಬಲ.

1997ರಲ್ಲಿ ಕರಡದಲ್ಲಿ ಆರಂಭವಾದ ಕೊಡವ ಕೌಟುಂಬಿಕ ಹಾಕಿ 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಗಳೊಂದಿಗೆ ಗಿನ್ನೆಸ್ ದಾಖಲೆ ಸೇರಿತು. ಏಪ್ರಿಲ್‌ನ ಆ ಹಬ್ಬಕ್ಕೂ ಇಲ್ಲಿನ ಶಾಲೆಗಳ ಜುಲೈ ರಜೆಗೂ ತಾಳೆಯಾಗದು. ಒಂದು ವರ್ಷವಾದರೂ ರಜೆ ಹೊಂದಿಸಿ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯೋಣ.